ಬೂಟಿನಲ್ಲಿಟ್ಟು ಹೋದ ಕಾಗದ

(ಅಂಚೆ ಕಚೇರಿಗಳ ಚರಿತ್ರೆಯ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮರದ ಕಥೆಯಿಂದ ಶುರು ಮಾಡುತ್ತೇನೆ. ದಕ್ಷಿಣ ಆಫ್ರಿಕಾದ ಕಡಲತಡಿಯಲ್ಲಿ ಮಾಸೆಲ್ ಬೇ ಎಂಬ ಊರಿದೆ. ಹದಿನಾರನೆಯ ಶತಮಾನ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ, ಇಂಡಿಯಾದಿಂದ ಮರಳುತ್ತಿದ್ದ ಪೋರ್ಚುಗೀಸ್ ಹಡಗೊಂದರ ನಾಯಕ ಪೆರೊ ದೆ ಅತಾಯಿದೆ ಅಲ್ಲಿ ಇಳಿದ. ಜೊತೆಗೆ ಹೊರಟಿದ್ದ ಹಡಗುಗಳಲ್ಲಿ ಹಲವು ಬಿರುಗಾಳಿಗೆ ಸಿಕ್ಕು ಮುಳುಗಿಹೋಗಿದ್ದವು. ನಡೆದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಹಳೆಯ ಬೂಟಿನೊಳಗೆ ಇಟ್ಟು, ನೀರಿನ ಬುಗ್ಗೆಯ ಪಕ್ಕದ ಮರಕ್ಕೆ ಅದನ್ನು ತೂಗುಹಾಕಿ ಅವನು ಹೊರಟುಹೋದ ಎಂದು ಆ ಊರಿನವರು ಹೇಳುತ್ತ ಬಂದಿದ್ದಾರೆ. ಕಾಗದ ಯಾರಿಗೆ? ಮುಂದೆ ಆ ದಾರಿಯಲ್ಲಿ ಬರುವವರಿಗೆ. 1501ರಲ್ಲಿ ಇಂಡಿಯಾದತ್ತ ಹೊರಟಿದ್ದ ಜೊವಾವೊ ದ ನೋವ ಎಂಬ ನಾವಿಕನಿಗೆ ಅದು ಸಿಕ್ಕಿತು. ಕಲ್ಲಿಕೋಟೆಯಲ್ಲಿ ಪರಿಸ್ಥಿತಿ ಕೆಟ್ಟಿದೆ, ಎಚ್ಚರ ಎಂಬ ಸುದ್ದಿ ಅದರಲ್ಲಿತ್ತು. ಇಂದು ಆ ಮರದ ಬುಡದಲ್ಲಿ ಬೂಟಿನ ಆಕಾರದ ಅಂಚೆ ಪೆಟ್ಟಿಗೆಯೊಂದಿದೆ. ಅದಕ್ಕೆ ಹಾಕಿದ ಕಾಗದ ನಿಜವಾಗಿಯೂ ಹೋಗುತ್ತದೆ.

ಇಂಥದೇ ಇನ್ನೊಂದು ಜಾಗ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿದೆ. ತಿಮಿಂಗಿಲ ಬೇಟೆಗೆಂದು ಹೊರಟು ವರ್ಷಗಟ್ಟಲೆ ಮನೆಯ ಮುಖ ಕಾಣದ ನಾವಿಕರು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಫ್ಲೋರಿಯಾನಾ ದ್ವೀಪದ ದಡದಲ್ಲಿ ಒಂದು ಮರದ ಪೀಪಾಯಿ ನೆಟ್ಟರು. ಬಂದವರು ತಮ್ಮ ಕಾಗದಗಳನ್ನು ಅದರಲ್ಲಿ ಹಾಕಬೇಕು. ಊರಿಗೆ ಮರಳುತ್ತಿರುವವರು ಅದರಲ್ಲಿರುವ ಕಾಗದಗಳನ್ನು ನೋಡಿ, ತಮ್ಮ ದಾರಿಗೆ ಬೀಳುವಂಥವನ್ನು ಎತ್ತಿಕೊಂಡು ಹೋಗಿ ತಲುಪಿಸಬೇಕು. ಅಂಚೆಚೀಟಿ ಇಲ್ಲ, ಮೊಹರಿಲ್ಲ, ಗುಮಾಸ್ತರಿಲ್ಲ, ಕಟ್ಟಡವಂತೂ ಇಲ್ಲವೇ ಇಲ್ಲ. ಆದರೂ ಅದು ಅಂಚೆ ಕಚೇರಿಯೇ.

ಅಂಚೆ ಕಚೇರಿಯೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಪೀಪಾಯಿಯನ್ನು ತೋರಿಸುತ್ತೇನೆ. ಎಲ್ಲರಿಗೂ ಗೊತ್ತಿರುವ ಒಂದು ಜಾಗ, ಗುರುತಿಲ್ಲದ ಮನುಷ್ಯನ ಮೇಲಿನ ನಂಬಿಕೆ, ಇವೆರಡಿದ್ದರೆ ಸಾಕು. ಕಟ್ಟಡ, ಖಾಕಿ, ಗಂಟೆ, ತಕ್ಕಡಿ ಎಲ್ಲವೂ ಆಮೇಲೆ ಬಂದವು. ಆದರೆ ಈ ನಂಬಿಕೆಯಲ್ಲಿ ಎಲ್ಲರಿಗೂ ಪಾಲು ಸಿಗಲು ಮನುಷ್ಯಕುಲಕ್ಕೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಇವತ್ತು ನಾನು ಹೇಳಹೊರಟಿರುವುದು ಆ ಕಥೆಯನ್ನು.

ಮೊದಮೊದಲು ಅಂಚೆ ಇದ್ದದ್ದು ಅರಸರಿಗೆ ಮಾತ್ರ. ಪರ್ಷಿಯಾದ ದೊರೆಗಳು ಸಾರ್ಡಿಸ್‌ನಿಂದ ಸೂಸಾದವರೆಗೆ ಹಾಕಿಸಿದ ರಾಜಮಾರ್ಗದಲ್ಲಿ 111 ತಂಗುದಾಣಗಳಿದ್ದವು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹಿಮ, ಮಳೆ, ಬಿಸಿಲು, ಕತ್ತಲೆ ಯಾವುದಕ್ಕೂ ಆ ಸವಾರರು ನಿಲ್ಲುತ್ತಿರಲಿಲ್ಲ ಎಂಬ ಅವನ ಮಾತನ್ನು ನ್ಯೂಯಾರ್ಕಿನ ದೊಡ್ಡ ಅಂಚೆ ಕಚೇರಿಯ ಗೋಡೆಯ ಮೇಲೆ ಕೆತ್ತಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಸವಾರರು ಹೊತ್ತೊಯ್ಯುತ್ತಿದ್ದದ್ದು ದೊರೆಯ ಅಪ್ಪಣೆಗಳನ್ನು. ಸಾರ್ಡಿಸ್‌ನ ಕುಂಬಾರನೊಬ್ಬ ತನ್ನ ಮಗಳಿಗೆ ಬರೆದ ಕಾಗದವನ್ನಲ್ಲ.

ರೋಮಿನಲ್ಲಿಯೂ ಹಾಗೆಯೇ. ಚಕ್ರವರ್ತಿ ಅಗಸ್ಟಸ್ ಕಟ್ಟಿದ ರಾಜ್ಯದ ಅಂಚೆ ವ್ಯವಸ್ಥೆಯ ಕುದುರೆ ಗಾಡಿಗಳನ್ನು ಬಳಸಲು ಪರವಾನಗಿ ಪತ್ರ ಬೇಕಿತ್ತು. ಬಿಥೀನಿಯಾ ಪ್ರಾಂತ್ಯದ ಅಧಿಪತಿಯಾಗಿದ್ದ ಪ್ಲಿನಿ ಒಮ್ಮೆ ಈ ನಿಯಮ ಮೀರಿದ. ಹೆಂಡತಿಯ ಅಜ್ಜ ತೀರಿಕೊಂಡಿದ್ದರು, ಅವಳು ತನ್ನ ಸೋದರತ್ತೆಯ ಬಳಿಗೆ ಬೇಗ ಹೋಗಬೇಕಾಗಿತ್ತು, ಅವಳಿಗೊಂದು ಪರವಾನಗಿ ಕೊಟ್ಟುಬಿಟ್ಟ. ಆಮೇಲೆ ಮನಸ್ಸು ತಡೆಯದೆ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದು ತಪ್ಪನ್ನು ಒಪ್ಪಿಕೊಂಡ. ಟ್ರಾಜನ್ ದೊಡ್ಡ ಮನಸ್ಸಿನಿಂದ ಅದನ್ನು ಮನ್ನಿಸಿದ. ಈ ಎರಡು ಕಾಗದಗಳನ್ನು ಓದಿದಾಗಲೆಲ್ಲ ನನಗೆ ಒಂದೇ ಯೋಚನೆ: ಇಡೀ ಪ್ರಾಂತ್ಯವನ್ನು ಆಳುವವನ ಹೆಂಡತಿಗೇ ಸಾವಿನ ಮನೆಗೆ ಹೋಗಲು ಅಷ್ಟು ಸಂಕೋಚವಿದ್ದರೆ, ಉಳಿದವರ ಪಾಡೇನು?

ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿ ಸುಲ್ತಾನರ ಆಡಳಿತವನ್ನು ಕಣ್ಣಾರೆ ಕಂಡ ಇಬ್ನ್ ಬತೂತ ಕಾಲ್ನಡಿಗೆಯ ಅಂಚೆಯನ್ನು ಬಣ್ಣಿಸಿದ್ದಾನೆ. ಮೈಲಿಗೆ ಮೂರರಂತೆ ಠಾಣೆಗಳು. ಹರಿಕಾರನ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ದೂರದಿಂದ ಕೇಳಿದೊಡನೆ ಮುಂದಿನ ಠಾಣೆಯವನು ಸೊಂಟ ಬಿಗಿದು ನಿಲ್ಲುತ್ತಿದ್ದ. ಈ ಓಟ ಕುದುರೆ ಅಂಚೆಗಿಂತಲೂ ಚುರುಕಾಗಿತ್ತಂತೆ. ಸುಲ್ತಾನನಿಗಾಗಿ ಖುರಾಸಾನದ ಹಣ್ಣುಗಳೂ ಗಂಗೆಯ ನೀರೂ ಹೀಗೆಯೇ ಹೆಗಲಿಂದ ಹೆಗಲಿಗೆ ಸಾಗುತ್ತಿದ್ದವು.

ಇಲ್ಲಿ ಒಂದು ಮಾತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ ಎಂಬ ಅರ್ಥವೂ ಇದೆ. ಎರಡು ಪದಗಳಿಗೂ ನಂಟು ಕಟ್ಟುವ ಕೆಲಸ ನನ್ನದಲ್ಲ. ಆದರೂ ನಳನಿಂದ ದಮಯಂತಿಗೆ ಮಾತು ಹೊತ್ತ ಹಕ್ಕಿಯ ಹೆಸರೂ ಟಪಾಲಿನ ಹೆಸರೂ ನಮ್ಮ ಭಾಷೆಯಲ್ಲಿ ಒಂದೇ ಆಗಿರುವುದು ನನಗೆ ಬಹಳ ಹಿತ ಕೊಡುವ ಸಂಗತಿ.

ಅರಸನ ಅಂಚೆ ಜನರಿಗೆ ತೆರೆದುಕೊಂಡದ್ದು ನಿಧಾನವಾಗಿ. 1490ರ ಹೊತ್ತಿಗೆ ಟ್ಯಾಕ್ಸಿಸ್ ಮನೆತನದವರು ಇನ್ಸ್‌ಬ್ರುಕ್‌ನಿಂದ ಈಗಿನ ಬೆಲ್ಜಿಯಂನ ಮೆಖೆಲೆನ್‌ವರೆಗೆ ಕುದುರೆ ಅಂಚೆ ನಡೆಸತೊಡಗಿದರು. ಕಾಲಕ್ರಮದಲ್ಲಿ ವರ್ತಕರ ಕಾಗದಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ 1635ರಲ್ಲಿ ರಾಜನ ಟಪಾಲನ್ನು ಸಾರ್ವಜನಿಕರಿಗೂ ಬಿಟ್ಟುಕೊಟ್ಟ. ಸ್ಕಾಟ್ಲೆಂಡಿನ ಸ್ಯಾಂಕರ್ ಎಂಬ ಸಣ್ಣ ಊರಿನ ಅಂಚೆ ಕಚೇರಿ 1712ರಿಂದ ನಡೆದುಬಂದಿದ್ದು, ಜಗತ್ತಿನಲ್ಲೇ ಹಳೆಯದೆಂದು ಹೆಸರಾಗಿದೆ. ಬಾಗಿಲೇನೋ ತೆರೆಯಿತು. ಒಳಗೆ ಕಾಲಿಡಲು ಮಾತ್ರ ದುಡ್ಡು ಬೇಕಿತ್ತು.

ಆ ಕಾಲದ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಥೆ ತಿರುವು ಪಡೆಯುವುದು ಇಲ್ಲೇ. ಬ್ರಿಟನ್ನಿನಲ್ಲಿ ಕಾಗದದ ವೆಚ್ಚವನ್ನು ಸಾಮಾನ್ಯವಾಗಿ ಕೊಡುತ್ತಿದ್ದವರು ಕಾಗದ ಪಡೆಯುವವರು. ಎಷ್ಟು ದೂರ, ಎಷ್ಟು ಹಾಳೆ ಎಂದು ಲೆಕ್ಕ. ಹಾಗಾಗಿ ಜನ ಒಂದೇ ಹಾಳೆಯಲ್ಲಿ ಉದ್ದಕ್ಕೆ ಬರೆದು ಮುಗಿಸಿ, ಹಾಳೆ ತಿರುಗಿಸಿ ಅದರ ಮೇಲೆಯೇ ಅಡ್ಡಕ್ಕೆ ಬರೆಯುತ್ತಿದ್ದರು. ಅಂಥ ಕಾಗದಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಅವು ನೇಯ್ದ ಬಟ್ಟೆಯ ಹಾಗೆ ಕಾಣುತ್ತವೆ. ಬಡವರು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಹೊರಗಡೆ ವಿಳಾಸ ಬರೆಯುವಾಗಲೇ ಮೊದಲೇ ಮಾತಾಡಿಕೊಂಡ ಗುರುತೊಂದನ್ನು ಹಾಕಿಬಿಡುವುದು. ಪಡೆಯುವವರು ಅದನ್ನು ನೋಡಿ, ಅವನು ಕ್ಷೇಮವಾಗಿದ್ದಾನೆ ಎಂದು ತಿಳಿದು, ದುಡ್ಡಿಲ್ಲ ಎಂದು ಕಾಗದವನ್ನು ಹಿಂದಿರುಗಿಸುವುದು. ಇದನ್ನು ಮೋಸ ಎಂದವರಿದ್ದರು. ತನ್ನವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಬಡವರು ಇಷ್ಟು ಪಾಡು ಪಡಬೇಕಾದ ವ್ಯವಸ್ಥೆಯನ್ನು ಏನೆಂದು ಕರೆಯಬೇಕು ಎಂದು ಅವರು ಯೋಚಿಸಲಿಲ್ಲ. ಅತ್ತ ಸಂಸತ್ ಸದಸ್ಯರ ಕಾಗದಗಳು ಪುಕ್ಕಟೆಯಾಗಿ ಹೋಗುತ್ತಿದ್ದವು.

1837ರಲ್ಲಿ ರೋಲೆಂಡ್ ಹಿಲ್ ಎಂಬಾತ ಒಂದು ಕಿರುಹೊತ್ತಿಗೆ ಪ್ರಕಟಿಸಿದ. ಅವನು ಅಂಚೆ ಇಲಾಖೆಯವನಲ್ಲ, ಶಾಲೆ ನಡೆಸಿದ್ದವನು. ಅವನು ಮಾಡಿದ ಕೆಲಸ ಸರಳ: ಲೆಕ್ಕ ಹಾಕಿದ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದ ಸಾಗಿಸಲು ನಿಜವಾಗಿ ತಗಲುವ ವೆಚ್ಚ ಒಂದು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರ ಎಂದು ಅವನಿಗೆ ಕಂಡಿತು. ದುಬಾರಿಯಾಗಿದ್ದದ್ದು ದೂರವಲ್ಲ, ಪ್ರತಿ ಕಾಗದವನ್ನೂ ದೀಪಕ್ಕೆ ಹಿಡಿದು ಹಾಳೆ ಎಣಿಸುವುದು, ದೂರ ಲೆಕ್ಕ ಹಾಕುವುದು, ಮನೆ ಬಾಗಿಲಲ್ಲಿ ನಿಂತು ದುಡ್ಡು ವಸೂಲು ಮಾಡುವುದು, ಇವೇ ಖರ್ಚಿನ ಮೂಲ. ಹಾಗಿದ್ದರೆ ದೂರ ಎಷ್ಟೇ ಇರಲಿ, ಒಂದೇ ದರ ಇರಲಿ, ಕಳುಹಿಸುವವನೇ ಮೊದಲೇ ಕೊಟ್ಟುಬಿಡಲಿ ಎಂದ. 1840ರ ಜನವರಿ 10ರಂದು ದೇಶದೆಲ್ಲೆಡೆಗೆ ಒಂದು ಪೆನ್ನಿಯ ದರ ಬಂತು. ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಟು ಅಂಚೆಚೀಟಿ, ಪೆನ್ನಿ ಬ್ಲ್ಯಾಕ್, ಹೊರಬಂತು. ಸಂಸತ್ ಸದಸ್ಯರ ಪುಕ್ಕಟೆ ಅಂಚೆ ನಿಂತುಹೋಯಿತು. 1839ರಲ್ಲಿ ಸುಮಾರು 7.6 ಕೋಟಿಯಿದ್ದ ಕಾಗದಗಳ ಸಂಖ್ಯೆ ಮರುವರ್ಷವೇ 16.9 ಕೋಟಿಗೆ ಏರಿತು. ಹತ್ತು ವರ್ಷದಲ್ಲಿ 34 ಕೋಟಿ ದಾಟಿತು.

ಆ ಹತ್ತಾರು ಕೋಟಿ ಕಾಗದಗಳನ್ನು ಯಾರು ಬರೆದರು? ಬರೆಯಬೇಕೆಂಬ ಆಸೆಯನ್ನು ಅಷ್ಟು ವರ್ಷ ಅದುಮಿಟ್ಟುಕೊಂಡಿದ್ದವರೇ.

ಒಂದೇ ದರ ಎಂಬುದರ ಒಳಗೆ ಅಡಗಿರುವ ಒಪ್ಪಂದವನ್ನು ಗಮನಿಸಿ. ಪಕ್ಕದ ಬೀದಿಗೆ ಹೋಗುವ ಕಾಗದಕ್ಕೆ ಒಂದು ಪೆನ್ನಿ ಹೆಚ್ಚೇ. ಗುಡ್ಡದಾಚೆಯ ಒಂಟಿ ಮನೆಗೆ ಹೋಗುವ ಕಾಗದಕ್ಕೆ ಅದು ಏನೂ ಸಾಲದು. ಅಂದರೆ ಪಟ್ಟಣದವನು ತನಗೆ ಗೊತ್ತಿಲ್ಲದೆಯೇ ಗುಡ್ಡದವನ ಕಾಗದಕ್ಕೆ ತನ್ನ ಪಾಲು ಸೇರಿಸುತ್ತಿದ್ದಾನೆ. ಫ್ಲೋರಿಯಾನಾದ ಪೀಪಾಯಿಯಲ್ಲಿ ಅಪರಿಚಿತನು ಅಪರಿಚಿತನ ಕಾಗದ ಹೊತ್ತದ್ದು ಹೀಗೆಯೇ ಅಲ್ಲವೇ? ಅದೇ ನಂಬಿಕೆ ಇಲ್ಲಿ ದೇಶದ ಕಾನೂನಾಯಿತು. ಆದರೂ ಬ್ರಿಟನ್ನಿನ ಪ್ರತಿಯೊಂದು ಮನೆಗೂ ಬಟವಾಡೆ ಎಂಬ ಭರವಸೆ ಬಂದದ್ದು 1897ರಲ್ಲಿ. ಅಗ್ಗದ ದರ ಬಂದು 57 ವರ್ಷಗಳ ನಂತರ.

ಈಗ ಕಚೇರಿಯೊಳಕ್ಕೆ ಹೋಗೋಣ. ಅಮೆರಿಕದಲ್ಲಿ 1863ರವರೆಗೆ ಪಟ್ಟಣಗಳಲ್ಲಿಯೂ ಕಾಗದವನ್ನು ಮನೆಗೆ ತಂದುಕೊಡುವ ಉಚಿತ ವ್ಯವಸ್ಥೆ ಇರಲಿಲ್ಲ. ಜನರೇ ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು ಕೇಳಬೇಕಿತ್ತು. ಹಳ್ಳಿಗಳಲ್ಲಿ ಅಂಚೆ ಕಚೇರಿ ಎಂದರೆ ಎಷ್ಟೋ ಕಡೆ ಒಂದು ಅಂಗಡಿಯ ಮೂಲೆ. ಟಪಾಲು ಬರುವ ದಿನ ಎಂದರೆ ಊರು ಸೇರುವ ದಿನ. 1792ರ ಅಂಚೆ ಕಾನೂನು ಪತ್ರಿಕೆಗಳಿಗೆ ಬಹಳ ಕಡಿಮೆ ದರ ನಿಗದಿ ಮಾಡಿತ್ತು, ಪತ್ರಿಕೆಗಳವರು ತಮ್ಮತಮ್ಮಲ್ಲಿ ಪ್ರತಿಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳಲು ಬಿಟ್ಟಿತ್ತು. ಕಾಡಂಚಿನ ಊರಿಗೂ ರಾಜಧಾನಿಯ ಸುದ್ದಿ ತಲುಪಲು ಇದೇ ಕಾರಣ. ಓದಲು ಬಂದವರು ಓದಿ ಹೇಳುತ್ತಿದ್ದರು, ಉಳಿದವರು ಕೇಳಿಸಿಕೊಳ್ಳುತ್ತಿದ್ದರು, ವಾದ ಮಾಡುತ್ತಿದ್ದರು.

ಆಮೇಲೆ ನಡೆದದ್ದು ನನ್ನನ್ನು ಇಂದಿಗೂ ಎರಡು ಮನಸ್ಸಿನಲ್ಲಿ ನಿಲ್ಲಿಸುತ್ತದೆ. 1896ರ ಅಕ್ಟೋಬರ್ 1ರಂದು ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿಗಾಡಿನ ಉಚಿತ ಬಟವಾಡೆಯ ಪ್ರಯೋಗ ಶುರುವಾಯಿತು. 1902ರಲ್ಲಿ ಅದು ಕಾಯಂ ಆಯಿತು. ರೈತರು ಗಾಡಿ ಕಟ್ಟಿಕೊಂಡು ಮೈಲಿಗಟ್ಟಲೆ ಹೋಗಬೇಕಿಲ್ಲ, ಕಾಗದ ಹೊಲದ ಬದಿಯ ಡಬ್ಬಿಗೇ ಬರುತ್ತದೆ. ದಾರಿ ಚೆನ್ನಾಗಿರದಿದ್ದರೆ ಬಟವಾಡೆ ಇಲ್ಲ ಎಂದು ಇಲಾಖೆ ಹೇಳಿದ್ದರಿಂದ ಊರವರೇ ರಸ್ತೆ ಸರಿಪಡಿಸಿದರು, ಸೇತುವೆ ಕಟ್ಟಿದರು. 1913ರ ಜನವರಿ 1ರಂದು ಪಾರ್ಸೆಲ್ ಅಂಚೆ ಬಂತು. ಯೂಟಾ ರಾಜ್ಯದ ವರ್ನಲ್ ಎಂಬಲ್ಲಿ ಬ್ಯಾಂಕ್ ಕಟ್ಟಲು 1916ರಲ್ಲಿ ಸುಮಾರು 80 ಸಾವಿರ ಇಟ್ಟಿಗೆಗಳನ್ನು ಪಾರ್ಸೆಲ್‌ನಲ್ಲೇ ತರಿಸಿದರು, ಸರಕು ಸಾಗಣೆಗಿಂತ ಅದೇ ಅಗ್ಗವಾಗಿತ್ತು. ಆ ಕಟ್ಟಡ ಇಂದಿಗೂ ನಿಂತಿದೆ.

ಆದರೆ ಕಾಗದ ಮನೆಗೇ ಬರುವಂತಾದ ಮೇಲೆ ಕಚೇರಿಗೆ ಹೋಗುವುದೇಕೆ? 1901ರಲ್ಲಿ ಅಮೆರಿಕದ ಅಂಚೆ ಕಚೇರಿಗಳ ಸಂಖ್ಯೆ 76,945. ಅದೇ ಶಿಖರ, ಅಲ್ಲಿಂದ ಇಳಿಜಾರು. ಸಣ್ಣ ಸಣ್ಣ ಅಂಚೆ ಕಚೇರಿಗಳು ಸಾವಿರಗಟ್ಟಲೆ ಮುಚ್ಚಿದವು. ಅವುಗಳ ಜೊತೆಗೆ ಕೆಲವು ಊರುಗಳ ಹೆಸರೇ ಭೂಪಟದಿಂದ ಮಾಯವಾಯಿತು. ಅಂಚೆ ಕಚೇರಿಗಳನ್ನು ಮೊಬೈಲ್ ಕೊಂದಿತು ಎನ್ನುವವರು ಇದನ್ನು ಮರೆಯಬಾರದು. ಒಂಟಿ ಮನೆಯ ರೈತನ ಹೆಂಡತಿಗೆ ಬಾಗಿಲಿಗೆ ಬಂದ ಪತ್ರಿಕೆ ದೊಡ್ಡ ಬಿಡುಗಡೆ. ಊರು ಸೇರುತ್ತಿದ್ದ ಜಾಗ ಖಾಲಿಯಾದದ್ದು ನಿಜವಾದ ನಷ್ಟ. ಎರಡೂ ಒಂದೇ ಅಂಚೆ ಚೀಲದಲ್ಲಿ ಬಂದವು.

ಕಾಗದ ಹೊರುವುದಷ್ಟೇ ಕೆಲಸವಾಗಿದ್ದರೆ ಅಂಚೆ ಕಚೇರಿ ಜನರ ಬದುಕಿನಲ್ಲಿ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. 1861ರಲ್ಲಿ ಬ್ರಿಟನ್ ಅಂಚೆ ಉಳಿತಾಯ ಬ್ಯಾಂಕನ್ನು ಆರಂಭಿಸಿತು. ಆಗ ಬ್ಯಾಂಕುಗಳು ಉಳ್ಳವರಿಗೆ. ಅಂಚೆ ಕಚೇರಿಯಲ್ಲಿ ಒಂದು ಶಿಲ್ಲಿಂಗ್ ಇದ್ದರೆ ಖಾತೆ. ಕೆಲವರ ಬಳಿ ಆ ಒಂದು ಶಿಲ್ಲಿಂಗ್ ಕೂಡ ಒಮ್ಮೆಗೇ ಇರುತ್ತಿರಲಿಲ್ಲ. 1880ರಲ್ಲಿ ಅಂಚೆ ಮುಖ್ಯಸ್ಥನಾಗಿದ್ದ ಹೆನ್ರಿ ಫಾಸೆಟ್ ಅದಕ್ಕೊಂದು ದಾರಿ ಮಾಡಿದ. ಒಂದು ಹಾಳೆ ಕೊಡುತ್ತೇವೆ, ದುಡ್ಡು ಕೈಗೆ ಬಂದಾಗಲೆಲ್ಲ ಒಂದು ಪೆನ್ನಿಯ ಅಂಚೆಚೀಟಿ ಕೊಂಡು ಅದಕ್ಕೆ ಅಂಟಿಸಿ, ಹನ್ನೆರಡು ಆದಾಗ ತನ್ನಿ, ಒಂದು ಶಿಲ್ಲಿಂಗ್ ಎಂದು ಖಾತೆಗೆ ಹಾಕಿಕೊಳ್ಳುತ್ತೇವೆ ಎಂದ. ಫಾಸೆಟ್ ಇಪ್ಪತ್ತೈದರ ಪ್ರಾಯದಲ್ಲಿ ಕಣ್ಣು ಕಳೆದುಕೊಂಡವನು. ಹನ್ನೆರಡು ಚೀಟಿಗಳ ಆ ಹಾಳೆ ನನ್ನ ಲೆಕ್ಕದಲ್ಲಿ ಅಂಚೆ ಚರಿತ್ರೆಯ ಅತ್ಯಂತ ಕರುಣೆಯ ಕಾಗದ. ಜಪಾನ್ 1875ರಲ್ಲಿ, ಭಾರತ 1882ರಲ್ಲಿ ಅಂಚೆ ಉಳಿತಾಯ ಖಾತೆಗಳನ್ನು ಶುರು ಮಾಡಿದವು.

ಇನ್ನು ಪಿಂಚಣಿ. ಬ್ರಿಟನ್ನಿನ 1908ರ ಕಾನೂನಿನಂತೆ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗೆ ಸಿಗಬೇಕಿತ್ತು. ಎಲ್ಲಿ ಕೊಡುವುದು? ಅದಕ್ಕೂ ಮುಂಚೆ ಬಡವರಿಗೆ ನೆರವು ಕೊಡುತ್ತಿದ್ದದ್ದು ಬಡಜನರ ಕಾನೂನಿನ ಅಧಿಕಾರಿಗಳು. ಅವರ ಮುಂದೆ ಕೈಯೊಡ್ಡುವುದು ಅವಮಾನ. ಆ ನೆರವು ಪಡೆದವನಿಗೆ ಮತದಾನದ ಹಕ್ಕೂ ಇರುತ್ತಿರಲಿಲ್ಲ. ಹಸಿವಾದರೂ ಸರಿ, ಆ ಬಾಗಿಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದ ಮುದುಕರು ಮುದುಕಿಯರು ಎಷ್ಟೋ. ಪಿಂಚಣಿಯನ್ನು ಅಂಚೆ ಕಚೇರಿಯ ಮೂಲಕ ಕೊಡುವುದೆಂದು ತೀರ್ಮಾನವಾಯಿತು. 1909ರ ಜನವರಿ 1ರಂದು ಅವರು ಅಲ್ಲಿಗೆ ಬಂದರು. ಅಲ್ಲಿ ವರ್ತಕನೂ ನಿಲ್ಲುತ್ತಾನೆ, ಮೇಷ್ಟರೂ ನಿಲ್ಲುತ್ತಾರೆ, ಅಂಚೆಚೀಟಿಗೆ ಬಂದ ಹುಡುಗಿಯೂ ನಿಲ್ಲುತ್ತಾಳೆ. ಸಾಲಿನಲ್ಲಿ ನಿಂತವರಲ್ಲಿ ಯಾರು ಪಿಂಚಣಿಗೆ ಬಂದವರು, ಯಾರು ಪಾರ್ಸೆಲ್ ಕಳಿಸಲು ಬಂದವರು ಎಂದು ಬೆನ್ನು ನೋಡಿ ಹೇಳಲಾಗದು. ನಾಚಿಕೆಯಿಲ್ಲದೆ ನಿಲ್ಲಬಹುದಾದ ಸಾಲು! ಸರ್ಕಾರಗಳು ಜನರಿಗೆ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಹೆಚ್ಚೇನೂ ಕಾಣುವುದಿಲ್ಲ.

ಕಿಟಕಿಯ ಈಚೆ ನಿಲ್ಲುವವರ ಬಗ್ಗೆ ಇಷ್ಟು ಹೇಳಿದೆ. ಆಚೆ ಕೂರುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು. ಮೇರಿ ಕ್ಯಾಥರಿನ್ ಗೊಡಾರ್ಡ್ 1775ರಿಂದ 1789ರವರೆಗೆ ಬಾಲ್ಟಿಮೋರಿನ ಪೋಸ್ಟ್ ಮಾಸ್ಟರ್ ಆಗಿದ್ದಳು. ಸಹಿ ಹಾಕಿದವರ ಹೆಸರುಗಳ ಸಮೇತ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಮೊದಲು ಅಚ್ಚು ಹಾಕಿದ್ದೂ ಅವಳೇ. ಈ ಕೆಲಸದಲ್ಲಿ ಹೆಚ್ಚು ಓಡಾಟವಿದೆ, ಹೆಂಗಸಿಗೆ ಆಗದು ಎಂಬ ನೆಪ ಹೇಳಿ ಅವಳನ್ನು ತೆಗೆದರು. ಇನ್ನೂರಕ್ಕೂ ಹೆಚ್ಚು ಊರವರು ಅವಳ ಪರವಾಗಿ ಮನವಿಗೆ ಸಹಿ ಹಾಕಿದರೂ ಫಲವಾಗಲಿಲ್ಲ.

ಮಿಸಿಸಿಪಿಯ ಇಂಡಿಯನೋಲಾದಲ್ಲಿ ಮಿನ್ನಿ ಕಾಕ್ಸ್ ಎಂಬ ಕಪ್ಪು ಮಹಿಳೆ ಪೋಸ್ಟ್ ಮಾಸ್ಟರ್ ಆಗಿದ್ದರು. ಜನ ಕಾಗದ ಬಂದಿದೆಯೇ ಎಂದು ಮನೆಯಿಂದಲೇ ವಿಚಾರಿಸಲೆಂದು ಸ್ವಂತ ಖರ್ಚಿನಲ್ಲಿ ಕಚೇರಿಗೆ ಟೆಲಿಫೋನ್ ಹಾಕಿಸಿದ್ದವರು. ಆದರೂ 1902ರಲ್ಲಿ ಊರಿನ ಬಿಳಿಯರು ಅವರು ಹೋಗಲೇಬೇಕೆಂದು ಪಟ್ಟು ಹಿಡಿದರು, ಬೆದರಿಸಿದರು. ಅವರು ರಾಜೀನಾಮೆ ಕೊಟ್ಟರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಅಂಗೀಕರಿಸಲಿಲ್ಲ. 1903ರ ಜನವರಿಯಲ್ಲಿ ಆ ಊರಿನ ಟಪಾಲನ್ನೇ ನಿಲ್ಲಿಸಿದರು, ಕಾಕ್ಸ್ ಅವರ ಸಂಬಳವನ್ನು ಮಾತ್ರ ನಿಲ್ಲಿಸಲಿಲ್ಲ. ಅವಳ ಕೈಯಿಂದ ಕಾಗದ ತೆಗೆದುಕೊಳ್ಳುವುದಿಲ್ಲ ಎಂದವರು ಬೇರೆ ಊರಿಗೆ ಹೋಗಿ ಕಾಗದ ತರಬೇಕಾಯಿತು. ಒಂದು ಸಣ್ಣ ಊರಿನ ಅಂಚೆ ಕಚೇರಿಯ ಕುರ್ಚಿಗಾಗಿ ಅಷ್ಟು ದೊಡ್ಡ ಹೋರಾಟ ಏಕೆ? ಆ ಕುರ್ಚಿಯಲ್ಲಿ ಕೂತವರೇ ಊರಿನ ಪಾಲಿಗೆ ದೇಶ. 1916ರಲ್ಲಿ ಐರ್ಲೆಂಡಿನ ದಂಗೆಕೋರರು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ಹಿಡಿದು, ಅದರ ಮುಂದೆಯೇ ನಿಂತು ಗಣರಾಜ್ಯವನ್ನು ಸಾರಿದ್ದನ್ನೂ ಇದರ ಜೊತೆಗೇ ನೆನೆಯಬೇಕು.

ಇಷ್ಟು ನಂಬಿಕೆ ಇಟ್ಟ ಕಡೆ ದ್ರೋಹವೂ ನಡೆದಿದೆ. ಅದನ್ನು ಮುಚ್ಚಿಟ್ಟು ಅಂಚೆಯ ಗುಣಗಾನ ಮಾಡುವುದು ನನಗೆ ಒಗ್ಗದು. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಇಟಲಿಯ ಕ್ರಾಂತಿಕಾರಿ ಜೋಸೆಫ್ ಮ್ಯಾಜಿನಿಗೆ ತನ್ನ ಕಾಗದಗಳನ್ನು ಯಾರೋ ಒಡೆದು ಓದುತ್ತಿದ್ದಾರೆ ಎಂಬ ಅನುಮಾನ ಬಂತು. ಲಕೋಟೆಯೊಳಗೆ ಗಸಗಸೆ, ಮರಳಿನ ಕಣ, ಕೂದಲೆಳೆ ಹಾಕಿ ಕಳುಹಿಸಲು ಗೆಳೆಯರಿಗೆ ಹೇಳಿದ. ಕಾಗದ ಬಂದಾಗ ಅವು ಇರಲಿಲ್ಲ. 1844ರಲ್ಲಿ ವಿಷಯ ಸಂಸತ್ತಿಗೆ ಹೋಯಿತು. ಗೃಹ ಸಚಿವ ಜೇಮ್ಸ್ ಗ್ರಹಾಂ ಆದೇಶದಂತೆ ಅಂಚೆ ಕಚೇರಿಯಲ್ಲೇ ಇದು ನಡೆದಿತ್ತೆಂದು ಬಯಲಾಯಿತು, ಜನ ಕೆರಳಿದರು.

ಅದಕ್ಕಿಂತ ದೊಡ್ಡ ಗಾಯ ನಮ್ಮ ಕಾಲದ್ದೇ. ಬ್ರಿಟನ್ನಿನ ಉಪ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆ ಬಂತು. ಅದರ ದೋಷದಿಂದ ಇಲ್ಲದ ಕೊರತೆ ಲೆಕ್ಕದಲ್ಲಿ ಕಾಣತೊಡಗಿತು. ಯಂತ್ರ ತಪ್ಪಿರಬಹುದು ಎಂದವರ ಮಾತನ್ನು ಕೇಳಲಿಲ್ಲ. 1999ರಿಂದ 2015ರ ನಡುವೆ ಆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಮೋಸ, ಸುಳ್ಳು ಲೆಕ್ಕದ ಆರೋಪದ ಮೇಲೆ ಶಿಕ್ಷೆಯಾಯಿತು. ಮನೆ ಮಾರಿ ಇಲ್ಲದ ಕೊರತೆ ತುಂಬಿಕೊಟ್ಟವರಿದ್ದಾರೆ, ಜೈಲಿಗೆ ಹೋದವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. 2019ರಲ್ಲಿ ನ್ಯಾಯಾಲಯ ಅವರ ಮಾತೇ ಸರಿ ಎಂದಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಿತು. ಊರಿನ ಪಿಂಚಣಿ ಹಣವನ್ನು ಎಣಿಸಿ ಕೊಡುತ್ತಿದ್ದ ಕೈಯನ್ನೇ ಊರು ಕಳ್ಳನ ಕೈ ಎಂದು ನೋಡಿತು. ಆ ನೋಟವನ್ನು ಯಾವ ಕಾನೂನು ರದ್ದು ಮಾಡುತ್ತದೆ?

ದೇಶಗಳ ನಡುವಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ಅದರಲ್ಲಿ ಒಂದು ಸೊಗಸಾದ ಅಂಶವಿದೆ. ಮೊದಲು ಪ್ರತಿ ಎರಡು ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಕಾಗದ ಹಾದುಹೋಗುವ ಪ್ರತಿ ದೇಶಕ್ಕೂ ಬೇರೆ ಲೆಕ್ಕ. 1874ರ ಅಕ್ಟೋಬರ್ 9ರಂದು ಜರ್ಮನಿಯ ಹೈನ್ರಿಕ್ ಫೋನ್ ಸ್ಟೆಫಾನ್ ಅವರ ಮುಂದಾಳತ್ವದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಕೂಡಿ ಅಂಚೆ ಒಕ್ಕೂಟ ಕಟ್ಟಿದವು. ಇಂದಿನ ವಿಶ್ವ ಅಂಚೆ ಒಕ್ಕೂಟ ಅದೇ. ವಿಶ್ವ ಅಂಚೆ ದಿನವೂ ಅದೇ ದಿನಾಂಕ. ಬೇರೆ ದೇಶದಿಂದ ಬಂದ ಕಾಗದವನ್ನು ಹಂಚಿದ್ದಕ್ಕೆ ದುಡ್ಡು ಕೇಳುವುದು ಬೇಡ, ಅಂಚೆಚೀಟಿ ಮಾರಿದ ಹಣವನ್ನು ಆಯಾ ದೇಶವೇ ಇಟ್ಟುಕೊಳ್ಳಲಿ ಎಂದು ಅವರು ಒಪ್ಪಿಕೊಂಡರು. ಅದು ಸರಿಹೋಗುವುದು ಹೇಗೆ? ಹೋದ ಪ್ರತಿಯೊಂದು ಕಾಗದಕ್ಕೂ ಒಂದು ಉತ್ತರ ಬಂದೇ ಬರುತ್ತದೆ ಎಂಬ ಎಣಿಕೆಯ ಮೇಲೆ. ಸುಮಾರು ನೂರು ವರ್ಷ ಜಗತ್ತಿನ ಅಂಚೆ ಲೆಕ್ಕ ಈ ಎಣಿಕೆಯ ಮೇಲೆ ನಿಂತಿತ್ತು.

ಈಗ ಮುಚ್ಚುವಿಕೆಯ ವಿಷಯ. 1988ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡ್ 400ಕ್ಕೂ ಹೆಚ್ಚು ಅಂಚೆ ಕಚೇರಿಗಳನ್ನು ಒಂದೇ ದಿನ ಮುಚ್ಚಿತು. ಲೆಕ್ಕಪತ್ರದಲ್ಲಿ ಅದು ಸುಧಾರಣೆ. ಆಮೇಲೆ ಬ್ಯಾಂಕುಗಳೂ ಸಣ್ಣ ಊರುಗಳಿಂದ ಕಾಲ್ತೆಗೆದವು. ಕೊನೆಗೆ 2002ರಲ್ಲಿ ಸರ್ಕಾರಿ ಒಡೆತನದ ಕಿವಿಬ್ಯಾಂಕ್ ಶುರು ಮಾಡಬೇಕಾಗಿ ಬಂದಾಗ ಅದರ ಶಾಖೆಗಳನ್ನು ತೆರೆದದ್ದು ಉಳಿದಿದ್ದ ಅಂಚೆ ಮಳಿಗೆಗಳಲ್ಲೇ. ಡೆನ್ಮಾರ್ಕಿನಲ್ಲಿ 1624ರಲ್ಲಿ ಆರಂಭವಾದ ಸರ್ಕಾರಿ ಅಂಚೆ 2025ರ ಕೊನೆಯಲ್ಲಿ ಕಾಗದ ಹಂಚುವುದನ್ನು ನಿಲ್ಲಿಸಿತು, ಕೆಂಪು ಪೆಟ್ಟಿಗೆಗಳನ್ನು ಬೀದಿಗಳಿಂದ ಕಿತ್ತರು. ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಕಾಗದಗಳು ಶೇಕಡ 90ಕ್ಕೂ ಹೆಚ್ಚು ಇಳಿದಿದ್ದವು. ಖಾಸಗಿ ಕಂಪನಿಯೊಂದು ಈಗಲೂ ಕಾಗದ ಒಯ್ಯುತ್ತದೆ. ಆದರೆ ಎಲ್ಲರಿಗೂ ತಲುಪಿಸುವ ಹೊಣೆಯನ್ನು ಒಂದು ಸಂಸ್ಥೆಯ ಮೇಲೆ ಹೊರಿಸುವುದನ್ನು ಕಾನೂನು ಅಷ್ಟರಲ್ಲಾಗಲೇ ಕೈಬಿಟ್ಟಿತ್ತು. ಇಟಲಿ ಬೇರೆ ದಾರಿ ಹಿಡಿದಿದೆ: 15 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ಸುಮಾರು 7 ಸಾವಿರ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್, ಸರ್ಕಾರಿ ಪ್ರಮಾಣಪತ್ರಗಳಂಥ ಕೆಲಸಗಳನ್ನೂ ಮಾಡಿಕೊಡುವ ಯೋಜನೆ ಕೈಗೊಂಡಿದೆ. ಫ್ರಾನ್ಸಿನಲ್ಲಿ 2017ರಿಂದ ಅಂಚೆಯವರು ಒಂಟಿಯಾಗಿರುವ ವೃದ್ಧರ ಮನೆಗೆ ಹೋಗಿ ಮಾತಾಡಿಸಿ ಬರುವ ಸೇವೆಯೊಂದಿದೆ. ಅದಕ್ಕೆ ಮನೆಯವರು ತಿಂಗಳ ಹಣ ಕಟ್ಟಬೇಕು. ಹಿಂದೆ ಅಂಚೆಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕ್ಷೇಮ ಸಮಾಚಾರಕ್ಕೆ ಬೆಲೆ ಚೀಟಿ ಬಿದ್ದಿರುವುದು ನನಗೆ ನೋವು ತರುತ್ತದೆ. ಯಾರೂ ಹೋಗದೆ ಇರುವುದಕ್ಕಿಂತ ಅದು ಮೇಲು ಎಂಬುದನ್ನೂ ಒಪ್ಪುತ್ತೇನೆ.

ಮಾತು ಮುಗಿದ ಮೇಲೆ ಯುವಕರೊಬ್ಬರು ಎದ್ದು, "ಇದೆಲ್ಲ ಹಳೆಯದರ ಮೇಲಿನ ಮೋಹ ಅಲ್ಲವೇ? ಮೊಬೈಲ್‌ನಲ್ಲಿ ಕ್ಷಣದಲ್ಲಿ ಆಗುವುದಕ್ಕೆ ಕಟ್ಟಡ ಏಕೆ ಬೇಕು?" ಎಂದು ಕೇಳಿದರು. ಕಾಗದ ಕಡಿಮೆಯಾದದ್ದಕ್ಕೆ ನಾನು ಅಳುವುದಿಲ್ಲ ಎಂದು ಅವರಿಗೆ ಹೇಳಿದೆ. ದೂರದ ಮಗನ ಮುಖವನ್ನು ಪರದೆಯ ಮೇಲೆ ನೋಡುವ ತಾಯಿಗೆ ತಿಂಗಳಿಗೊಂದು ಕಾಗದವೇ ಚೆಂದ ಎನ್ನಲು ನಾನು ಯಾರು? ನನ್ನ ಚಿಂತೆ ಆ ಪರದೆಯನ್ನು ಬಳಸಲಾಗದವರದು. ಬೆರಳು ನಡುಗುವವರು, ಕಣ್ಣು ಮಸುಕಾದವರು, ಗುಪ್ತಸಂಖ್ಯೆ ಮರೆತವರು, ಅರ್ಜಿ ಏಕೆ ತಿರಸ್ಕೃತವಾಯಿತು ಎಂದು ತಿಳಿಯದವರು. ಅವರಿಗೆ ಬೇಕಾದದ್ದು ಒಂದು ಕಿಟಕಿ. ಅದರ ಹಿಂದೆ, ಕೊಡಿ ನೋಡೋಣ ಎನ್ನುವ ಒಬ್ಬ ಮನುಷ್ಯ. ಆ ಕಿಟಕಿಗೆ ಅಂಚೆ ಕಚೇರಿ ಎಂದೇ ಹೆಸರಿರಬೇಕೆಂಬ ಹಟ ನನಗಿಲ್ಲ. ಆದರೆ ಊರೂರಿನಲ್ಲಿ ಆಗಲೇ ಇರುವುದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ಕಟ್ಟಿಕೊಟ್ಟವರನ್ನು ನಾನು ಹೆಚ್ಚು ಕಂಡಿಲ್ಲ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಮಹಿಳೆಯೊಬ್ಬರದು. "ಮನೆಯೇ ಇಲ್ಲದವರಿಗೆ ಅಂಚೆ ಏನು ಮಾಡಿತು? ವಿಳಾಸ ಇದ್ದರೆ ತಾನೇ ಬಟವಾಡೆ?" ಎಂದರು. ಈ ಪ್ರಶ್ನೆ ನನ್ನ ಉಪನ್ಯಾಸದಲ್ಲೇ ಇರಬೇಕಿತ್ತು, ಕೇಳಿದ್ದಕ್ಕೆ ಅವರಿಗೆ ಋಣಿ.

ಅಂಚೆಯವರು ಇದಕ್ಕೆ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದಾರೆ. ಕಾಗದದ ಮೇಲೆ ಪಡೆಯುವವರ ಹೆಸರು, ಅದರ ಕೆಳಗೆ ಪೋಸ್ಟ್ ರೆಸ್ಟಾಂಟ್ ಎಂಬ ಮಾತು, ಆ ಊರಿನ ಅಂಚೆ ಕಚೇರಿಯ ಹೆಸರು, ಅಷ್ಟನ್ನು ಬರೆದರೆ ಸಾಕು. ಆ ಫ್ರೆಂಚ್ ಹೆಸರಿನಲ್ಲಿ ಈ ಸೌಲಭ್ಯ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ ಇದನ್ನು ಜನರಲ್ ಡೆಲಿವರಿ ಎನ್ನುತ್ತಾರೆ. ಊರೂರು ಅಲೆಯುವ ಕೂಲಿಯವರು, ನಾವಿಕರು, ಮನೆಯಿಂದ ಓಡಿಬಂದವರು, ಬೀದಿಯಲ್ಲೇ ಮಲಗುವವರು ಇದನ್ನು ನೆಚ್ಚಿಕೊಂಡು ಬಂದಿದ್ದಾರೆ. ಕೆಲಸದ ಕರೆ, ಆಸ್ಪತ್ರೆಯ ಕಾಗದ, ತಂಗಿಯ ಕಾಗದ ಎಲ್ಲವೂ ಅಲ್ಲಿಗೇ ಬರುತ್ತವೆ. ಹಂಚಲು ಮನೆಯಿಲ್ಲವಾದ್ದರಿಂದ ಗುಮಾಸ್ತರು ಅದನ್ನು ಬೇರೆಯಾಗಿ ಒಂದು ಗೂಡಿನಲ್ಲಿ ಎತ್ತಿಡುತ್ತಾರೆ. ಅಮೆರಿಕದಲ್ಲಿ ಅದು ಹೆಚ್ಚೆಂದರೆ 30 ದಿನ ಆ ಗೂಡಿನಲ್ಲಿ ಕಾದಿರುತ್ತದೆ. ಅಷ್ಟರೊಳಗೆ ಆ ಮನುಷ್ಯ ಬಂದು, ಗುರುತಿನ ಚೀಟಿ ತೋರಿಸಿ, ತನ್ನ ಹೆಸರು ಹೇಳಿ ಕೇಳಬೇಕು.